ತಂಬಾಕು ತಿಕ್ಕುವಷ್ಟು ಹೊತ್ತು

ನೋಡುತ್ತ ಕೂತರೆ ಡಬ್ಬಿ ಸರಿಯಾಗಿ ಕೆಲಸ ಮಾಡುತ್ತಿತ್ತು. ನೋಡುವುದು ಬಿಟ್ಟರೆ ಕೆಡುತ್ತಿತ್ತು.

ಪರಿಮಳಾ ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಂಥವರು ಹತ್ತಿರದಲ್ಲಿ ಇರಲೂ ಇಲ್ಲ. ರಂಗಂಪೇಟೆಯ ಆಚೆ, ಉಪಕಾಲುವೆಯ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಆಕೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದುರಿಗೆ ಗೋಡೆಗೆ ಹೊಡೆದ ಕಬ್ಬಿಣದ ಡಬ್ಬಿ. ಅದರೊಳಗೆ ಅಂಗೈ ಅಗಲದ ಒಂದು ಕಂಪ್ಯೂಟರ್. ಅದರ ಕೆಲಸ ದೊಡ್ಡದಲ್ಲ. ಗೇಟು ಎತ್ತಿದಾಗ, ಇಳಿಸಿದಾಗ ಕಾಲುವೆಯ ನೀರಿನ ಮಟ್ಟ ಅಳೆದು ನಾರಾಯಣಪುರದ ನೀರಾವರಿ ಆಫೀಸಿಗೆ ಕಳಿಸಬೇಕು. ಕಾಲುವೆಯ ಮಗ್ಗುಲಲ್ಲಿ ಒಂದು ಸಣ್ಣ ಬಾವಿ ಇದೆ. ಪೈಪಿನಿಂದ ಕಾಲುವೆಯ ನೀರು ಅದಕ್ಕೆ ಬರುತ್ತದೆ. ಬಾವಿಯ ಮೇಲೆ ತೂಗುಹಾಕಿದ ಸೆನ್ಸರ್ ಕಿವಿಗೆ ಕೇಳದ ಸದ್ದನ್ನು ನೀರಿಗೆ ಬಿಡುತ್ತದೆ. ಸದ್ದು ತಿರುಗಿ ಬರಲು ಹಿಡಿದ ವೇಳೆಯಿಂದ ನೀರು ಎಷ್ಟು ಕೆಳಗಿದೆ ಎಂದು ಡಬ್ಬಿ ಲೆಕ್ಕ ಹಾಕುತ್ತದೆ.

ಮೊನ್ನೆಯವರೆಗೆ ಹಾಕುತ್ತಿತ್ತು. ಈಗ ಬಾಯಿಗೆ ಬಂದದ್ದು ಹೇಳುತ್ತಿತ್ತು. ಒಮ್ಮೆ ಕಾಲುವೆ ಒಣಗಿದೆ ಎನ್ನುತ್ತಿತ್ತು, ಮರುಕ್ಷಣ ನೀರು ಶೆಡ್ಡಿನ ತಗಡಿಗಿಂತ ಮೇಲಿದೆ ಎನ್ನುತ್ತಿತ್ತು.

ಕೆಟ್ಟದ್ದು ಯಾವಾಗಿನಿಂದ ಎಂಬುದು ಗೊತ್ತಿತ್ತು. ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಪದರ ಕರ್ನೆಲ್. ಸೆನ್ಸರು, ಸಿಮ್ ಕಾರ್ಡು ಎಲ್ಲವೂ ಅದರ ಮೂಲಕವೇ ನಡೆಯಬೇಕು. ಮನುಷ್ಯರು ಬರೆದ ಕರ್ನೆಲ್ಲನ್ನು ಯಂತ್ರದ ಭಾಷೆಗೆ ಇಳಿಸುವ ಸಾಧನ ಕಂಪೈಲರ್. ಇಷ್ಟು ವರ್ಷ ಜಿಸಿಸಿ ಎಂಬ ಕಂಪೈಲರಿನ ಯಾವುದೋ ಹಳೆಯ ಆವೃತ್ತಿಯಿಂದ ಇಳಿಸುತ್ತಿದ್ದರು. ಈ ಬೇಸಿಗೆಯಲ್ಲಿ ಮೇಲಿನಿಂದ ಹೊಸ ನಿಯಮ ಬಂತು. ಭದ್ರತೆಯ ದೃಷ್ಟಿಯಿಂದ ಎಲ್ಲ ಡಬ್ಬಿಗಳ ಕರ್ನೆಲ್ಲನ್ನೂ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನಿಂದ ಇಳಿಸಬೇಕು. ಬರೆದದ್ದು ಅದೇ, ಇಳಿಸುವುದು ಮಾತ್ರ ಬೇರೆ. ಏನೂ ಆಗಲಾರದು ಎಂದುಕೊಂಡು ಮೊನ್ನೆ ಈ ಡಬ್ಬಿಗೆ ಹಾಕಿದ್ದಳು.

ದೋಷ ಹುಡುಕಲು ಎಲ್ಲರೂ ಮಾಡುವುದನ್ನೇ ಆಕೆಯೂ ಮಾಡಿದಳು. ಡ್ರೈವರಿನ, ಅಂದರೆ ಕರ್ನೆಲ್ಲಿಗೂ ಸೆನ್ಸರಿಗೂ ನಡುವಿನ ಭಾಗದ, ಪ್ರತಿ ಹೆಜ್ಜೆಗೂ ಒಂದು ಸಾಲು ಮುದ್ರಿಸುವಂತೆ ಹಾಕಿದಳು. ಈಗ ಸದ್ದು ಬಿಟ್ಟೆ, ಈಗ ಸದ್ದು ಬಂತು, ಈಗ ಇಷ್ಟು. ಸಾಲುಗಳು ಪರದೆಯ ಮೇಲೆ ಬಂದವು. ಅಳತೆ ಸರಿ ಇತ್ತು. ಸಾಲುಗಳನ್ನು ತೆಗೆದಳು. ಅಳತೆ ಕೆಟ್ಟಿತು. ಮತ್ತೆ ಹಾಕಿದಳು. ಸರಿಯಾಯಿತು.

ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಯಾವುದೋ ದೇಶದ ಒಬ್ಬ ಪುಣ್ಯಾತ್ಮ ಉತ್ತರ ಕೊಟ್ಟ: ಎಲ್ಲ ಸಾಲುಗಳನ್ನೂ ಮುದ್ರಿಸಿ ಕಳಿಸಿ. ಮುದ್ರಿಸಿದರೆ ರೋಗವೇ ಇರುವುದಿಲ್ಲವಲ್ಲ!

ಅದೇ ಹೊತ್ತಿಗೆ ಹೊರಗೆ ಜೀಪು ನಿಂತಿತು. ಸಹಾಯಕ ಎಂಜಿನಿಯರ್ ಬಸವಂತ್ರಾಯ ಇಳಿದು ಶೆಡ್ಡಿನ ಬಾಗಿಲಲ್ಲಿ ಬಗ್ಗಿ ನೋಡಿದರು.

"ಏನಂತೈತ್ರಿ ಮೇಡಂ ನಿಮ್ಮ ಡಬ್ಬಿ?"

"ಒಂದು ತೊಂದರಿ ಅದರಿ ಸರ್. ಹುಡುಕಾಕತ್ತೇನಿ."

"ಹುಡುಕ್ರಿ, ಹುಡುಕ್ರಿ. ಎಮ್ಮಿ ಕಳಕೊಂಡೋರು ಹುಡುಕಿದಂಗ ಹುಡುಕ್ರಿ. ಆದ್ರ ದೊಡ್ಡ ನೀರು ಬಿಡೂದ್ರೊಳಗ ಸಿಗಬೇಕು. ಬರೂ ಸೋಮವಾರ ನಾ ಬಂದು ನಿಂತು ನೋಡಾಂವ."

ಅವರು ಕಾಲುವೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಮಟ್ಟದ ಪಟ್ಟಿಯ ಕಡೆ ಕೈ ಮಾಡಿದರು. ನೀರು ಎಷ್ಟಿದೆ ಎಂದು ಅದು ಡಬ್ಬಿ ಹುಟ್ಟುವ ಮೊದಲಿನಿಂದ ಹೇಳುತ್ತಿದೆ.

"ಪಟ್ಟಿ ಒಂದು, ಡಬ್ಬಿ ಒಂದು ಹೇಳಿದ್ರ ನಾ ಪಟ್ಟಿನೇ ನಂಬಾಂವ. ಪಟ್ಟಿಗಿ ಕರೆಂಟ್ ಬೇಕಿಲ್ಲ. ಕ್ವಾರ್ಟರ್ಸೂ ಬೇಕಿಲ್ಲ."

ನಗುತ್ತಲೇ ಅಂದರು. ಆದರೆ ತಮಾಷೆ ಅಲ್ಲ. ಸೋಮವಾರ ಡಬ್ಬಿ ಪಟ್ಟಿಗೆ ಹೊಂದಿದರೆ ಪರಿಮಳಾಳ ಗುತ್ತಿಗೆ ಕೆಲಸ ಮುಂದುವರಿಯುತ್ತದೆ. ಹೊಂದದಿದ್ದರೆ ಕ್ವಾರ್ಟರ್ಸಿನ ಬೀಗದ ಕೈ ವಾಪಸ್ ಕೊಡಬೇಕು.

ನಾರಾಯಣಪುರದ ಸಿಬ್ಬಂದಿ ಕ್ವಾರ್ಟರ್ಸು ಅಣೆಕಟ್ಟೆ ಕಟ್ಟುವ ಕಾಲದ್ದು. ಈಗ ಸಾಲಿಗೆ ಸಾಲು ಖಾಲಿ. ಕೆಲವು ಮನೆಗಳ ಚೌಕಟ್ಟನ್ನೂ ಕಿತ್ತುಕೊಂಡು ಹೋಗಿದ್ದಾರೆ. ಪರಿಮಳಾಳದು ಕಡೆಯ ಸಾಲಿನ ಕಡೆಯ ಮನೆ. ಆ ಸಾಲಿನಲ್ಲಿ ದೀಪ ಹತ್ತುವುದು ಅದೊಂದಕ್ಕೇ. ರವಿವಾರ ಬಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಕಳೆಯುತ್ತಿದ್ದಳು. ಹಾಲು ಮನೆಯಲ್ಲಿದ್ದರೂ ಕೆಲವೊಮ್ಮೆ ಬಸ್‌ಸ್ಟ್ಯಾಂಡಿಗೆ ಹೋಗಿ ಪಾಕೀಟು ತರುತ್ತಿದ್ದಳು. ಅಂಗಡಿಯವನು "ಮತ್ತೇನ್ರಿ?" ಅನ್ನುತ್ತಿದ್ದ. "ಏನಿಲ್ರಿ" ಅನ್ನುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು, ಸಾಕಾಗುತ್ತಲೂ ಇರಲಿಲ್ಲ.

ಮುದನಾಳದಲ್ಲಿ ಅಣ್ಣ ಬುದ್ಧಪ್ರಿಯ ಇದ್ದಾನೆ. ಪ್ರಾಥಮಿಕ ಶಾಲೆಯ ಮಾಸ್ತರ, ಒಳ್ಳೆಯ ಮನುಷ್ಯ. ಆಗಾಗ ಫೋನ್ ಮಾಡಿ ಅದೇ ಮಾತು ಹೇಳುತ್ತಾನೆ: "ಒಬ್ಬಾಕಿ ಅಲ್ಲೇನ್ ಮಾಡ್ತಿ ತಂಗಿ? ಬಂದ್ಬಿಡು. ಯಾದಗಿರ್ಯಾಗ ಕಂಪ್ಯೂಟರ್ ಕ್ಲಾಸಿನ್ಯಾಗ ಕಲಿಸಾಕ ಕರಿಯಾಕತ್ತಾರ." ಆ ಮನೆಯಲ್ಲಿ ಯಾರೂ ಆಕೆಗೆ ಕೆಟ್ಟದ್ದು ಬಯಸುವವರಲ್ಲ. ಆದರೆ ಅಲ್ಲಿ ಆಕೆ ಟಿವಿ ಕೆಳಗೆ, ಅಣ್ಣನ ಮಕ್ಕಳ ಕಾಲುಗಳ ನಡುವೆ ಮಲಗಬೇಕು. ಓದುವಾಗ ಶಹಾಪುರದ ಹಾಸ್ಟೆಲ್ಲಿನಲ್ಲಿ ಟ್ರಂಕಿಗೆ ಬೀಗ ಇತ್ತು, ಕೋಣೆಗೆ ಇರಲಿಲ್ಲ. ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು ಆಕೆಗೆ ಸಿಕ್ಕಿದ್ದು ನಾರಾಯಣಪುರದಲ್ಲೇ. ಅದನ್ನು ಬಿಡುವ ಮನಸ್ಸು ಇರಲಿಲ್ಲ.

ಆದ್ದರಿಂದ ಹುಡುಕಿದಳು.

ಸಾಲು ಮುದ್ರಿಸಿದರೆ ಸರಿಯಾಗುತ್ತದೆ, ಯಾಕೆ? ಮುದ್ರಿಸುವುದರಿಂದ ಸೆನ್ಸರಿಗೆ ಏನೂ ಸಿಗುವುದಿಲ್ಲ. ಏನಾದರೂ ಸಿಗುತ್ತಿದ್ದರೆ ಅದು ಸಮಯ. ಉದ್ದ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಒಂದೊಂದೇ ಅಕ್ಷರ ಕಳಿಸುವಷ್ಟು ಹೊತ್ತು ಡಬ್ಬಿ ನಿಲ್ಲುತ್ತದೆ. ಆ ನಿಲ್ಲುವಿಕೆ ಯಾವುದೋ ಜಾಗದಲ್ಲಿ ಬೇಕಾಗಿದೆ. ಮೊದಲು ಇತ್ತು, ಈಗ ಇಲ್ಲ.

ಹಳೆಯ ಕಂಪೈಲರ್ ಇಳಿಸಿದ ಯಂತ್ರಭಾಷೆಯನ್ನೂ ಹೊಸದು ಇಳಿಸಿದ್ದನ್ನೂ ಅಕ್ಕಪಕ್ಕ ತೆರೆದು ಓದಿದಳು. ಕಣ್ಣು ಉರಿಯುವ ಕೆಲಸ. ಒಂದು ಕಡೆ ಎರಡೂ ಬೇರೆಯಾದವು. ಹಳೆಯದರಲ್ಲಿ ಒಂದು ಸಣ್ಣ ಸುತ್ತು ಇತ್ತು: ಒಂದು ದೊಡ್ಡ ಸಂಖ್ಯೆಯಿಂದ ಒಂದೊಂದೇ ಕಳೆಯುತ್ತ ಸೊನ್ನೆಗೆ ಬರುವುದು. ಹೊಸದರಲ್ಲಿ ಆ ಜಾಗವೇ ಇರಲಿಲ್ಲ. ಹೊಲಿಗೆ ಕಾಣದಂತೆ ಕತ್ತರಿಸಿ ಸೇರಿಸಿದ ಹಾಗಿತ್ತು.

ಮೂಲ ಬರಹಕ್ಕೆ ಹೋದಳು. ಒಂದು ಸದ್ದಿಗೂ ಇನ್ನೊಂದು ಸದ್ದಿಗೂ ನಡುವೆ ಆ ಸುತ್ತು, ಒಂದು ಖಾಲಿ ಲೂಪ್, ಕೂತಿತ್ತು. ಎಣಿಸುತ್ತದೆ, ಅಷ್ಟೇ. ಎಣಿಸಿ ಏನೂ ಮಾಡುವುದಿಲ್ಲ. ಬರೆದವರು ಬರೆದಿದ್ದಾರೆ, ಇರಲಿ ಎಂದು ಹಳೆಯ ಕಂಪೈಲರ್ ಅದನ್ನು ಬಿಟ್ಟಿತ್ತು. ಇದರಿಂದ ಏನೂ ಹುಟ್ಟುವುದಿಲ್ಲ ಎಂದು ಹೊಸದು ಕಿತ್ತುಹಾಕಿತ್ತು. ಕಂಪೈಲರಿನದು ತಪ್ಪಲ್ಲ. ನಿಯಮದ ಪ್ರಕಾರ ಅದು ಮಾಡಿದ್ದೇ ಸರಿ. ತಪ್ಪು ಬರೆದವನದು.

ಬರೆದವನು ಹಣಮೇಶ.

ಡಬ್ಬಿಗಳನ್ನು ಕೂರಿಸುವಾಗ ಈ ಕೆಲಸಕ್ಕೆ ಇಬ್ಬರೇ ಇದ್ದರು. ಹಣಮೇಶ ರಂಗಂಪೇಟೆಯವನು. ಸೆನ್ಸರು ಅವನ ಪಾಲು, ಉಳಿದದ್ದು ಆಕೆಯ ಪಾಲು. ಎರಡು ಬೇಸಿಗೆ ಈ ಶೆಡ್ಡಿನಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅವನ ಮನೆಯವರು ಪರಿಮಳಾಳ ಮನೆಯವರ ಕೈಯಿಂದ ನೀರು ಕುಡಿಯುವವರಲ್ಲ. ಹಣಮೇಶ ಕುಡಿಯುತ್ತಿದ್ದ, ಕಾಲುವೆಯ ಮೇಲೆ ಮಾತ್ರ. ಅವನ ಮನೆ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಒಂದು ದಿನವೂ ಬಾ ಅನ್ನಲಿಲ್ಲ, ಆಕೆಯೂ ಕೇಳಲಿಲ್ಲ. ಆಮೇಲೆ ಅವನಿಗೆ ರಾಯಚೂರಿನಲ್ಲಿ ಕಾಯಂ ಗುಮಾಸ್ತನ ನೌಕರಿ ಆಯಿತು, ಮದುವೆಯೂ ಆಯಿತು. ಮದುವೆಯ ಕಾರ್ಡು ವಾಟ್ಸ್‌ಆ್ಯಪಿನಲ್ಲಿ ಬಂತು, ಎಲ್ಲರಿಗೂ ಕಳಿಸಿದ ಹಾಗೆ. ಅಂದಿನಿಂದ ಮಾತಿಲ್ಲ. ಜಗಳವೂ ಇಲ್ಲ.

ಸೆನ್ಸರಿನ ಪುಸ್ತಕದಲ್ಲಿ ಹೇಳಿದಂತೆ, ಒಂದು ಸದ್ದಿನ ಪ್ರತಿಧ್ವನಿ ಮುಂದಿನದರಲ್ಲಿ ಬೆರೆಯದೆ ಅಡಗುವಷ್ಟು ಸಣ್ಣ ತಡೆಯನ್ನು ಆಕೆ ಆ ಜಾಗದಲ್ಲಿ ಹಾಕಿದಳು. ಹುಚ್ಚು ಅಂಕಿಗಳು ನಿಂತವು. ಮುದ್ರಿಸುವ ಸಾಲುಗಳನ್ನು ತೆಗೆದರೂ ಡಬ್ಬಿ ಸರಿಯಾಗಿಯೇ ಇತ್ತು. ಎದ್ದು ಹೊರಗೆ ಹೋಗಿ ಗೇಟು ಎತ್ತಿ ಇಳಿಸುವ ದ್ಯಾವಪ್ಪನಿಗೆ ಹೇಳಿದಳು.

"ದ್ಯಾವಪ್ಪಣ್ಣ, ಗೇಟ್ ಜರಾ ಇಳಸು. ಒಂದು ಸಲ ನೋಡೂಣು."

ಇಡೀ ದಿನದಲ್ಲಿ ಆಕೆ ಮಾತಾಡಿಸುವ ಮನುಷ್ಯ ಎಂದರೆ ದ್ಯಾವಪ್ಪನೇ. ಆತ ಚಕ್ರ ತಿರುಗಿಸಿದ. ಕೆರೆ ತುಂಬಿಸಲು ಬಿಟ್ಟಿದ್ದ ನೀರು ಗೇಟಿಗೆ ಬಡಿದು ಹಿಂದಕ್ಕೆ ಜಿಗಿಯಿತು. ಡಬ್ಬಿ ತಟ್ಟನೆ ಅಂಕಿ ಹೇಳಿತು. ದ್ಯಾವಪ್ಪ ಸ್ವಲ್ಪ ಹೊತ್ತಿನ ಮೇಲೆ ಪಟ್ಟಿ ನೋಡಿ ಹೇಳಿದ. ಎರಡೂ ಹೊಂದಲಿಲ್ಲ.

ಪರಿಮಳಾ ಸಣ್ಣ ಬಾವಿಯೊಳಗೆ ಬಗ್ಗಿ ನೋಡಿದಳು. ನೀರು ಇನ್ನೂ ಮೇಲೆ ಕೆಳಗೆ ಆಡುತ್ತಿತ್ತು. ಡಬ್ಬಿ ಅವಸರ ಮಾಡಿತ್ತು. ಹಣಮೇಶನ ಲೂಪ್ ಪ್ರತಿಧ್ವನಿಗಾಗಿ ಅಷ್ಟೇ ಅಲ್ಲ, ನೀರು ನಿಲ್ಲಲಿ ಎಂದೂ ಕಾಯುತ್ತಿತ್ತು. ಪುಸ್ತಕದ ತಡೆಗಿಂತ ಬಹಳ ಉದ್ದ.

ಎಷ್ಟು ಉದ್ದ ಎಂದು ತಿಳಿಯಲು ಹಳೆಯ ಕರ್ನೆಲ್ಲನ್ನು ಮತ್ತೆ ಹಾಕಿ, ಗಡಿಯಾರ ಹಿಡಿದು ಅಳೆದರೆ ಸಾಕಿತ್ತು. ಆಕೆಗೆ ಅದು ಗೊತ್ತಿತ್ತು.

ಆದರೂ ಹಣಮೇಶನಿಗೆ ಫೋನ್ ಮಾಡಿದಳು.

"ಹಲೋ."

"ನಾ ಪರಿಮಳಾ."

"ಹಾಂ. ಗೊತ್ತಾತು, ನಂಬರ್ ಐತಿ. ಹೆಂಗದಿ?"

"ಅದೀನಿ. ಸೆನ್ಸರಿನ ಡ್ರೈವರಿನ್ಯಾಗ ಒಂದು ಖಾಲಿ ಲೂಪ್ ಅದ ನೋಡು. ನೀನೇ ಬರದದ್ದು."

"ಅದು ಇನ್ನಾ ಐತೇನು?" ಹಣಮೇಶ ನಕ್ಕ. ಆ ನಗೆ ಬದಲಾಗಿರಲಿಲ್ಲ.

"ಹೊಸ ಕಂಪೈಲರ್ ಅದನ್ನ ಕಿತ್ತು ಒಗದದ. ಏನೂ ಮಾಡಲಾರದ್ದು ಯಾಕಿರಬೇಕಂತ."

"ಖರೇನೇ ಅಂದೈತಿ ಬಿಡು. ನಮ್ಮ ಆಫೀಸಿಗಿ ಬಂದ್ರ ಅರ್ಧ ಮಂದಿನ್ನ ಒಗೀತೈತಿ."

ಆಕೆಗೂ ನಗು ಬಂತು. ತಡೆದುಕೊಂಡಳು. "ಎಷ್ಟೊತ್ತು ಕಾಯ್ಲಿ ಅಂತ ಹಾಕಿದ್ದಿ?"

"ಏ, ಅದು ದ್ಯಾವಪ್ಪನ ತಂಬಾಕ."

"ಏನು?"

"ಗೇಟ್ ಇಳಿಸಿದ ಮ್ಯಾಲ ಅಂವ ತಂಬಾಕ ತಿಕ್ಕತಿದ್ನಲ್ಲ? ತಿಕ್ಕಿ, ಬಾಯಾಗ ಹಾಕ್ಕೊಂಡು, ಆಮ್ಯಾಲ ಪಟ್ಟಿ ನೋಡಾಂವ. ಅಷ್ಟೊತ್ತಿಗಿ ನೀರು ನಿಂತಿರ್ತಿತ್ತು. ನಾ ಅಂವನ ಕೈ ನೋಡ್ಕೋತ ಲೂಪಿನ ಸಂಖ್ಯಾ ಹೆಚ್ಚುಕಡಿಮಿ ಮಾಡ್ಕೋತ ಕುಂತೆ. ಎಲ್ಲಾ ಸದ್ದು ಬಿಟ್ಟು ಮುಗಿಯೂದೂ ಅಂವ ತಂಬಾಕ ಬಾಯಿಗಿ ಇಡೂದೂ ಬರೋಬರಿ ಆಗೂತನಕ. ನೀನೂ ಇದ್ದೆಲ್ಲ ಅವತ್ತು. ಸಜ್ಜಿ ರೊಟ್ಟಿ ತಂದಿದ್ದಿ."

ಇದ್ದಳು. ಲೂಪು ನೆನಪಿರಲಿಲ್ಲ. ರೊಟ್ಟಿ ನೆನಪಿತ್ತು. ಉಳಿದ ಒಂದನ್ನು ಅವನು ಅರಿವೆಯಲ್ಲಿ ಕಟ್ಟಿಕೊಂಡು ಹೊರಟು, ತನ್ನ ಮನೆಯ ತಿರುವಿನಲ್ಲಿ ನಾಯಿಗೆ ಹಾಕಿದ್ದನ್ನು ಆಕೆ ಬಸ್ಸಿನ ಕಿಟಕಿಯಿಂದ ನೋಡಿದ್ದೂ ನೆನಪಿತ್ತು.

"ಒಂದು ಸಾಲು ಬರದಿಡಬೇಕಿತ್ತು," ಅಂದಳು. "ಇದು ಕಾಯಾಕ ಹಾಕಿದ್ದು ಅಂತ."

"ನಾವಿಬ್ರೇ ಇದ್ವೆಲ್ಲ ಪರಿಮಳಾ. ನಿನಗ ಗೊತ್ತಿರ್ತೈತಿ ಅಂತ ಬಿಟ್ಟೆ."

ಆ ಕಡೆ ದೂರದಿಂದ ಒಂದು ಹೆಣ್ಣುದನಿ ಕೇಳಿತು: "ಯಾರ್ರೀ ಅದು?"

"ಮೊದಲಿನ ಆಫೀಸಿಂದು," ಎಂದ ಹಣಮೇಶ. ಆಮೇಲೆ ಫೋನಿಗೆ, ಬೇರೆಯದೇ ದನಿಯಲ್ಲಿ, "ಆತ್ರಿ ಮೇಡಂ. ಮತ್ತೇನರ ಇದ್ರ ಕೇಳ್ರಿ."

"ಏನಿಲ್ರಿ," ಅಂದಳು ಪರಿಮಳಾ.

ಹೊರಗೆ ದ್ಯಾವಪ್ಪ ಕಟ್ಟೆಯ ಮೇಲೆ ಕೂತಿದ್ದ. ಆತ ಈಗ ತಂಬಾಕು ತಿನ್ನುವುದಿಲ್ಲ. ಕೆನ್ನೆಯ ಒಳಗೆ ಬಿಳಿ ಕಲೆ ಕಂಡು ಸುರಪುರದ ಡಾಕ್ಟರು ಹೆದರಿಸಿದ ದಿನವೇ ಹೆಂಡತಿ ಹಣಮಮ್ಮ ಚಂಚಿಯನ್ನು, ತಂಬಾಕು ಸುಣ್ಣದ ಸಮೇತ, ಇದೇ ಕಾಲುವೆಗೆ ಎಸೆದಿದ್ದಳು. "ಈಗ ಮೀನಕ್ಕ ಚಟ ಹತ್ತಿರಬೇಕು," ಎಂದು ಆತ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

"ದ್ಯಾವಪ್ಪಣ್ಣ, ಒಂದು ಸಲ ತಂಬಾಕ ತಿಕ್ಕು."

"ಬಿಟ್ಟೀನಲ್ಲ ಯವ್ವಾ. ಗೊತ್ತಿದ್ದೂ ಹೊಟ್ಟಿ ಉರಸ್ತಿ."

"ತಿನ್ನಬ್ಯಾಡ. ಬರೇ ತಿಕ್ಕು."

"ಏನು ತಿಕ್ಕಲಿ? ಬರೇ ಕೈಯಾ?"

"ಬರೇ ಕೈ."

"ನೋಡಿದವ್ರು ಏನಂದಾರು? ದ್ಯಾವ್ಯಾಗ ಹುಚ್ಚ ಹಿಡೀತು ಅಂತ ಹಣಮಮ್ಮಗ ಹೋಗಿ ಹೇಳ್ಯಾರು."

"ಯಾರದಾರ ಇಲ್ಲಿ ನೋಡಾಕ?"

ದ್ಯಾವಪ್ಪ ಕಾಲುವೆಯ ಎರಡೂ ಕಡೆ ನೋಡಿದ. ಯಾರೂ ಇರಲಿಲ್ಲ. ಎದ್ದು ಗೇಟಿನ ಚಕ್ರ ತಿರುಗಿಸಿ ಬಂದು ಕೂತ. ಎಡ ಅಂಗೈ ಚಾಚಿದ. ಇಲ್ಲದ ಎಲೆಯನ್ನು ಮುರಿದು ಹಾಕಿದ. ಇಲ್ಲದ ಚಂಚಿಯಿಂದ ಉಗುರಿನ ತುದಿಗೆ ಸುಣ್ಣ ತೆಗೆದ. ಹೆಬ್ಬೆರಳು ಊರಿ ತಿಕ್ಕತೊಡಗಿದ. ಮೊದಲು ನಾಚಿಕೆಯಿಂದ, ಆಮೇಲೆ ಮರೆತು. ತಿಕ್ಕಿ ತಿಕ್ಕಿ ಪುಡಿ ಹದ ಬಂತೆಂದು ನೋಡಿದ, ತಟ್ಟಿ ಧೂಳು ಹಾರಿಸಿದ, ಚಿಟಿಕೆ ಎತ್ತಿದ. ಕೈ ತುಟಿಯ ಹತ್ತಿರ ಹೋಗಿ ನಿಂತಿತು.

"ಇಷ್ಟೇ ಯವ್ವಾ," ಎಂದು ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಏನೂ ಅಂಟಿರದ ಕೈ.

ಪರಿಮಳಾ ಫೋನಿನಲ್ಲಿ ವೇಳೆ ನೋಡಿಕೊಂಡಳು. ಬಾವಿಯೊಳಗೆ ಬಗ್ಗಿದಳು. ನೀರು ನಿಂತಿತ್ತು.

ಶೆಡ್ಡಿಗೆ ಬಂದು, ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದಳು. ಹಳೆಯ ಕರ್ನೆಲ್ ಹಾಕಿ ಗಡಿಯಾರ ಹಿಡಿದು ಅಳೆದಳು. ದ್ಯಾವಪ್ಪನ ಕೈಗೂ ಅದಕ್ಕೂ ಹೆಚ್ಚು ಅಂತರ ಇರಲಿಲ್ಲ.

ಆಮೇಲೆ ಖಾಲಿ ಲೂಪನ್ನು ಅಳಿಸಿದಳು. ಕರ್ನೆಲ್ಲಿನಲ್ಲಿ ಕಾಯುವುದಕ್ಕೆ ಸರಿಯಾದ ದಾರಿ ಇದೆ. ಇಷ್ಟು ಹೊತ್ತು ಮಲಗುತ್ತೇನೆ, ಆಮೇಲೆ ಎಬ್ಬಿಸು ಎಂದು ಹೇಳಿ ಮಲಗಬೇಕು. ಹಾಗೆ ಹೇಳಿ ಕಾದರೆ ಯಾವ ಕಂಪೈಲರೂ ಅದನ್ನು ಕಿತ್ತುಹಾಕುವುದಿಲ್ಲ. ಬಾಯಿ ಬಿಡದೆ ಸುಮ್ಮನೆ ಎಣಿಸುತ್ತ ಕೂತರೆ ಮಾತ್ರ ಅದು ಕೆಲಸವಿಲ್ಲದ್ದು ಎಂದು ಕಾಣುತ್ತದೆ. ಪರಿಮಳಾ ಸರಿಯಾದ ರೀತಿಯಲ್ಲಿ ಬರೆದು, ಮೇಲೆ ಒಂದು ಸಾಲು ಟಿಪ್ಪಣಿ ಹಾಕಿದಳು: ನೀರು ನಿಲ್ಲುವವರೆಗೆ ಕಾಯುವುದು, ತೆಗೆಯಬಾರದು. ಕ್ಲ್ಯಾಂಗಿನಿಂದ ಹೊಸದಾಗಿ ಇಳಿಸಿದಳು. ಆ ಭಾಗ ಈ ಸಲ ಯಂತ್ರಭಾಷೆಯಲ್ಲೂ ಉಳಿದಿತ್ತು. ತೆರೆದು ನೋಡಿ ಖಾತ್ರಿ ಮಾಡಿಕೊಂಡಳು.

ಸೋಮವಾರ ಬಸವಂತ್ರಾಯ ಬಂದರು. ದ್ಯಾವಪ್ಪ ಗೇಟು ಇಳಿಸಿದ. ನೀರು ಜಿಗಿಯಿತು. ಪರದೆಯ ಮೇಲೆ ಏನೂ ಬರಲಿಲ್ಲ.

"ಏನ್ರಿ, ಡಬ್ಬಿಗಿ ನಿದ್ದಿ ಹತ್ತೈತೇನು?"

"ಹೌದ್ರಿ ಸರ್. ಮಲಗ್ಯದ. ಏಳ್ತದ."

"ನಮ್ಮ ಆಫೀಸಿನ ಮಂದಿ ಗುಣಾ ಡಬ್ಬಿಗೂ ಬಂತೇನ್ರಿ?"

ಬಸವಂತ್ರಾಯ ಗಡಿಯಾರ ನೋಡಿಕೊಂಡರು, ಜೀಪಿನ ಕಡೆ ನೋಡಿದರು. ಪರಿಮಳಾ ಪರದೆ ನೋಡಲಿಲ್ಲ. ಕಟ್ಟೆಯ ಮೇಲೆ ಕೂತ ದ್ಯಾವಪ್ಪನ ಕೈ ನೋಡುತ್ತಿದ್ದಳು. ಗೇಟು ಇಳಿಸಿದ ಅಭ್ಯಾಸಕ್ಕೆ ಅವನ ಹೆಬ್ಬೆರಳು ಅಂಗೈಯ ಮೇಲೆ ತಾನಾಗಿ ಆಡುತ್ತಿತ್ತು. ಆತ ಎರಡು ಸಲ ತಟ್ಟಿ, ಎದ್ದು, ಪಟ್ಟಿಯ ಕಡೆ ನಡೆದ. ಆಗ ಪರದೆಯ ಮೇಲೆ ಅಂಕಿ ಬಂತು. ಪಟ್ಟಿಯ ಹತ್ತಿರದಿಂದ ದ್ಯಾವಪ್ಪ ಕೂಗಿ ಹೇಳಿದ. ಅದೇ ಅಂಕಿ.

ಬಸವಂತ್ರಾಯ ತಾವೇ ಹೋಗಿ ಬಗ್ಗಿ ನೋಡಿ ಬಂದರು. ಇನ್ನೊಮ್ಮೆ ಗೇಟು ಎತ್ತಿಸಿದರು. ಮತ್ತೆ ಕಾದರು. ಮತ್ತೆ ಹೊಂದಿತು.

"ಬರೋಬರಿ," ಅಂದರು. "ಉಳಿದ ಗೇಟುಗಳಿಗೂ ಇದನ್ನೇ ಹಾಕ್ರಿ. ನಿಮ್ಮ ಕಾಗದ ಇವತ್ತೇ ಮ್ಯಾಲಕ್ಕ ಕಳಸ್ತೀನಿ. ಕ್ವಾರ್ಟರ್ಸ್ ಇರ್ಲಿ." ಜೀಪು ಹತ್ತುವಾಗ ತಿರುಗಿ ಕೇಳಿದರು, "ಅಲ್ರಿ, ಆ ಕಡೀ ಸಾಲಿನ್ಯಾಗ ಒಬ್ರೇ ಇರ್ತೀರಿ. ಬ್ಯಾಸರ ಬರಂಗಿಲ್ಲೇನ್ರಿ?"

"ಬರ್ತದರಿ," ಅಂದಳು ಪರಿಮಳಾ.

ಜೀಪು ಹೋಯಿತು.

ಪಕ್ಕದ ಸುರಪುರದಿಂದ ಹೊರಟ ನಾರಾಯಣಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಣ್ಣನಿಗೆ ಫೋನ್ ಮಾಡಿ ಕೆಲಸ ಉಳಿಯಿತು ಎಂದಳು. ಬುದ್ಧಪ್ರಿಯ "ಚಲೋ ಆತು ಬಿಡು, ಊಟ ಬರೋಬರಿ ಮಾಡು," ಎಂದ. ಫೋನ್ ಇಟ್ಟಾಗ ಪರದೆಯ ಮೇಲೆ ಅಣ್ಣನ ಹೆಸರಿನ ಕೆಳಗೆ ಹಣಮೇಶನ ಹೆಸರು ಇತ್ತು.

ಡಬ್ಬಿ ಸರಿಹೋಯಿತು ಎಂದು ಅವನಿಗೆ ಹೇಳಬಹುದಿತ್ತು. ಆದರೆ ಅವನು ಕೇಳ್ರಿ ಎಂದಿದ್ದ, ಹೇಳ್ರಿ ಎಂದಿರಲಿಲ್ಲ. ಕೇಳಲು ಇನ್ನು ಏನೂ ಉಳಿದಿರಲಿಲ್ಲ. ಡ್ರೈವರಿನಲ್ಲಿ ಅವನು ಬರೆದು ಆಕೆಗೆ ಅರ್ಥವಾಗದೆ ಇದ್ದದ್ದು ಅದೊಂದೇ. ಅದನ್ನೂ ಅಳಿಸಿ ಆಗಿತ್ತು.

ನಾರಾಯಣಪುರದಲ್ಲಿ ಇಳಿದು ಅಂಗಡಿಯಲ್ಲಿ ಹಾಲಿನ ಪಾಕೀಟು ತಗೊಂಡಳು.

"ಮತ್ತೇನ್ರಿ?" ಅಂದ ಅಂಗಡಿಯವನು.

"ಏನಿಲ್ರಿ."

ಖಾಲಿ ಮನೆಗಳ ಸಾಲು ದಾಟಿ ಕಡೆಯ ಮನೆಗೆ ಬಂದಳು. ಇನ್ನೂ ಬೆಳಕಿತ್ತು. ಬೀಗ ತೆಗೆದಳು, ಒಳಗೆ ಹೋದಳು, ಬಾಗಿಲು ಒಳಗಿನಿಂದ ಹಾಕಿಕೊಂಡಳು.